ಹಿರಿಯರ ಹೆಜ್ಜೆಗೆ ಹಳೇ ಮೈಸೂರು

ದೊಡ್ಡ ಗಡಿಯಾರದ ಗಂಟೆ ಕೇಳಿ ಬೆಳೆದವರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ, 75 ಅಡಿ ಎತ್ತರದ ಗೋಪುರ ಅದು. ಗಡಿಯಾರದ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಗೋಪುರದಲ್ಲಿ ಬಿರುಕು ಕಾಣಿಸಿಕೊಂಡ ಮೇಲೆ ಗಂಟೆ ಹೊಡೆಸುವುದನ್ನು ನಿಲ್ಲಿಸಿದರು. ಇಸವಿ, ಎತ್ತರ ಪುಸ್ತಕದಲ್ಲಿ ಸಿಗುತ್ತವೆ. ಗಂಟೆ ಯಾವ ಬೀದಿಯವರೆಗೆ ಕೇಳುತ್ತಿತ್ತು ಎಂಬುದು ಮಾತ್ರ ಕೇಳಿದವರ ಬಾಯಿಂದಲೇ ಬರಬೇಕು. ಮೈಸೂರಿನ ಪಾರಂಪರಿಕ ನಡಿಗೆ ಹಿರಿಯರಿಗೆ ಹೇಳಿ ಮಾಡಿಸಿದ್ದು ಎಂದು ನಾನು ನಂಬಿರುವುದು ಇದಕ್ಕೇ.

ದಸರಾ ಬಂತೆಂದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಈ ನಡಿಗೆಯನ್ನು ಏರ್ಪಡಿಸುತ್ತದೆ. ಬೆಳಿಗ್ಗೆ ಪುರಭವನದ ಮುಂದೆ ಜನ ಸೇರುತ್ತಾರೆ. ಇತಿಹಾಸ ಬಲ್ಲವರೊಬ್ಬರು ಕಟ್ಟಡದಿಂದ ಕಟ್ಟಡಕ್ಕೆ ಕರೆದೊಯ್ದು ವಿವರಿಸುತ್ತಾರೆ. ಉಳಿದ ದಿನಗಳಲ್ಲಿ ರಾಯಲ್ ಮೈಸೂರು ವಾಕ್ಸ್‌ನಂಥ ಖಾಸಗಿ ತಂಡಗಳಿವೆ. ದೊಡ್ಡ ಗುಂಪಿನಲ್ಲಿ ಹಿಂದೆ ಬಿದ್ದ ಹಿರಿಯರಿಗೆ ಮಾತು ಕೇಳಿಸುವುದಿಲ್ಲ. ಅವರು ಬಂದು ಮುಟ್ಟುವಷ್ಟರಲ್ಲಿ ಮುಂದಿನವರು ಹೊರಟಿರುತ್ತಾರೆ. ಪಿಂಚಣಿದಾರರ ಸ್ವರ್ಗ ಎನಿಸಿಕೊಂಡ ಊರಿನಲ್ಲಿ ಎಂಟು ಹತ್ತು ಜನರ ಸಣ್ಣ ಗುಂಪೇ ಸರಿ.

ದಾರಿಯೂ ದೂರವಿಲ್ಲ. ಪುರಭವನದಿಂದ ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ, ಅಲ್ಲಿಂದ ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ. ಎಲ್ಲ ಒಂದು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ. ಪುರಭವನ 1884ರದು, ದಿವಾನ್ ಸಿ. ರಂಗಾಚಾರ್ಲು ಅವರ ಸ್ಮಾರಕ. 1881ರ ದಸರೆಯಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದವರು ಅವರು. ಊರೂರಿನ ರೈತರು, ವರ್ತಕರು ದಿವಾನರ ಎದುರು ಅಹವಾಲು ಹೇಳಿಕೊಳ್ಳುವುದು ಆಗ ಸಣ್ಣ ಮಾತಲ್ಲ. ಇಷ್ಟು ಕೇಳಿದ ಮೇಲೆ, ಇದೇ ಪುರಭವನದಲ್ಲಿ ತಾವು ನೋಡಿದ ನಾಟಕಗಳ ಮಾತನ್ನು ಹಿರಿಯರು ಎತ್ತಿದರೆ ತಡೆಯಬಾರದು.

ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ 1886ರಲ್ಲಿ ಬಂದುಹೋದ ಗುರುತು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ 1892ರದು, ಅದೂ ಒಬ್ಬ ವೈಸ್‌ರಾಯನ ಹೆಸರಿನದು. ಆದರೆ ಮೈಸೂರಿನವರಿಗೆ ಲ್ಯಾನ್ಸ್‌ಡೌನ್ ಎಂದರೆ ಪುಸ್ತಕದಂಗಡಿಗಳ ಸಾಲಾಗಿತ್ತು. ಹಳೇ ಪಠ್ಯಪುಸ್ತಕಕ್ಕೆ ಚೌಕಾಸಿ ಮಾಡಿ ಓದಿದವರು ಇವತ್ತು ನಿವೃತ್ತ ಮೇಷ್ಟ್ರು, ಗುಮಾಸ್ತರು, ಇಂಜಿನಿಯರುಗಳು. 2012ರ ಆಗಸ್ಟಿನಲ್ಲಿ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ಮೇಲೆ, ಅದೇ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗವೂ ಬಿತ್ತು. ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಕೋರ್ಟಿನ ಮೆಟ್ಟಿಲು ಹತ್ತಿತು. ಈ ವಾದದಲ್ಲಿ ಇಂಜಿನಿಯರರ ವರದಿ, ವ್ಯಾಪಾರಿಗಳ ಅಳಲು, ಇತಿಹಾಸಕಾರರ ಅಭಿಪ್ರಾಯ ಎಲ್ಲವೂ ಬಂದವು. ಅರವತ್ತು ವರ್ಷ ಇಲ್ಲೇ ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಕೊಂಡ ಗೃಹಿಣಿಯ ಮಾತು ಬರಲೇ ಇಲ್ಲ. ಯಾವ ಸಾಲಿನಲ್ಲಿ ಏನು ಸಿಗುತ್ತಿತ್ತು, ಯಾವ ಬಾಗಿಲಿನಿಂದ ಹೊಕ್ಕರೆ ಯಾವ ವಾಸನೆ ಮೊದಲು ಬರುತ್ತಿತ್ತು ಎಂದು ಹೇಳಬಲ್ಲವರು ಅವರೇ. ಗುಂಪು ಸಣ್ಣದಿದ್ದರೆ ಇದನ್ನೆಲ್ಲ ಕೇಳಿ ಬರೆದುಕೊಳ್ಳಬಹುದು. ನೆನಪು ಇಸವಿಯನ್ನು ಹಿಂದೆ ಮುಂದೆ ಮಾಡುತ್ತದೆ, ನಿಜ. ದಾಖಲೆಯೊಂದಿಗೆ ತಾಳೆ ನೋಡುವುದು ನಡೆಸಿಕೊಡುವವರ ಕೆಲಸ.

ಹಿರಿಯರ ನಡಿಗೆಗೆ ಕೆಲವು ಏರ್ಪಾಡು ಬೇಕೇ ಬೇಕು. ಭಾನುವಾರ ಬೆಳಿಗ್ಗೆ ಏಳರೊಳಗೆ ಹೊರಡಬೇಕು. ಸಯ್ಯಾಜಿರಾವ್ ರಸ್ತೆಯ ವಾಹನದ ಸದ್ದು ಶುರುವಾದರೆ ಮಂದ ಕಿವಿಗೆ ಏನೂ ದಕ್ಕದು. ವೃತ್ತ ದಾಟುವಾಗ ಹಿಂದೊಬ್ಬರು, ಮುಂದೊಬ್ಬರು. ಮಡಿಸುವ ಕುರ್ಚಿ ಎರಡಿದ್ದರೆ ಮಂಡಿನೋವಿನವರು ಕೂತು ಕೇಳಬಹುದು. ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಟ್ಟಿರಬೇಕು. ಎಷ್ಟೋ ಹೆಂಗಸರು ಇದೊಂದಕ್ಕೆ ಹೆದರಿ ಮನೆಯಲ್ಲೇ ಉಳಿಯುತ್ತಾರೆ.

ಪೇಟೆಯ ಗದ್ದಲ ಬೇಡವೆನ್ನುವವರಿಗೆ ಕೃಷ್ಣರಾಜ ಬುಲೆವಾರ್ಡ್ ಇದೆ: ಸಮತಟ್ಟು ದಾರಿ, ಮರಗಳ ನೆರಳು. ಹಳೆಯ ಜಿಲ್ಲಾಧಿಕಾರಿ ಕಚೇರಿ, ಕ್ರಾಫರ್ಡ್ ಹಾಲ್, ಮಹಾರಾಜ ಕಾಲೇಜು ಎಲ್ಲ ಹತ್ತಿರ ಹತ್ತಿರ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇಲ್ಲೇ ಇದೆ. ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಬಂದ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಮಹಾರಾಜ ಕಾಲೇಜಿನಲ್ಲಿ ಓದಿದವರೊಬ್ಬರು ಗುಂಪಿನಲ್ಲಿದ್ದರೆ ಈ ದಾರಿಗೆ ಎರಡು ಗಂಟೆಯೂ ಸಾಲದು.

ಕಾಲು ಸುತರಾಂ ಬಾರದವರಿಗೆ ದಸರೆಯಲ್ಲಿ ಇಲಾಖೆಯದೇ ಟಾಂಗಾ ಸವಾರಿ ಇದೆ. ಪಂಚೆ, ಪೇಟ, ಸೀರೆ ತೊಟ್ಟ ದಂಪತಿಗಳು ಹಳೆಯ ಕಟ್ಟಡಗಳನ್ನು ಕೂತೇ ನೋಡಿ ಬರುತ್ತಾರೆ. ದಸರೆ ವರ್ಷಕ್ಕೊಮ್ಮೆ. ಹಿರಿಯರಿಗೆಂದೇ ತಿಂಗಳಿಗೊಂದು ಭಾನುವಾರ ಮೀಸಲಿಡುವಂತೆ ಇಲಾಖೆಯನ್ನು ಕೇಳೋಣ. ಅಲ್ಲಿಯವರೆಗೆ ಬಡಾವಣೆಯ ಹಿರಿಯ ನಾಗರಿಕರ ಸಂಘಗಳೇ ಶುರುಮಾಡಬಹುದು. ಇತಿಹಾಸ ಬಲ್ಲ ನಿವೃತ್ತ ಮೇಷ್ಟ್ರೊಬ್ಬರು, ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿ, ಎರಡು ಕುರ್ಚಿ ಸಾಕು.