ಸಿಹಿನೀರಿನ ತೊಟ್ಟಿಗೆ ಕಡಲ ನೀರು

ಎರಡಡಿ ಉದ್ದ, ಒಂದಡಿ ಅಗಲದ, ಸುಮಾರು 60 ಲೀಟರು ನೀರು ಹಿಡಿಯುವ ಹಳೆಯ ಗಾಜಿನ ತೊಟ್ಟಿಯೊಂದು ಪರಿಚಿತರಿಂದ ಅಲ್ಪ ಬೆಲೆಗೆ ನನ್ನ ಕೈಸೇರಿದಾಗ, ಅದರಲ್ಲಿ ಕಡಲನೀರನ್ನೇ ತುಂಬಿ ನೋಡಬೇಕೆಂಬ ಬಹುದಿನದ ಬಯಕೆ ಮತ್ತೆ ತಲೆಯೆತ್ತಿತು. ವೆಚ್ಚಕ್ಕೆ ಅಂಜಿ ಈ ಹವ್ಯಾಸದಿಂದ ದೂರ ಉಳಿಯುವವರು ಅನೇಕರು. ಆದರೆ ಹಳೆಯ ತೊಟ್ಟಿಯಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಸುಡತಕ್ಕದ್ದು ಯಾವುದು ಎಂಬುದನ್ನು ಅರಿತವನಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾಗುವುದು ತಾಳ್ಮೆಯೇ.

ಗಾಜು, ಪೀಠ, ದೀಪ, ಗಾಳಿಯೂಡುವ ಪಂಪು ಇವೆಲ್ಲವೂ ಉಳಿಯಲಿ. ತಳದ ಬಣ್ಣದ ಕಲ್ಲುಗಳನ್ನು ಮಾತ್ರ ಉಳಿಸಬಾರದು. ಕಾಸು ಉಳಿಯಲೆಂದು ನಾನು ಅವನ್ನು ತೊಳೆದು ಮತ್ತೆ ಹಾಸಿದೆ. ತಿಂಗಳುಗಳ ತರುವಾಯ ಬಿಟ್ಟ ಸಮುದ್ರದ ಮೂರು ಬಸವನಹುಳುಗಳು ಮೊದಲ ರಾತ್ರಿಯೇ ಗಾಜಿನ ಹಿಡಿತ ಕಳೆದುಕೊಂಡು ಮಗುಚಿಬಿದ್ದು, ಬೆಳಗಾಗುವಷ್ಟರಲ್ಲಿ ನಿಶ್ಚಲವಾಗಿದ್ದವು. ವಿಚಾರಿಸಿದಾಗ ತಿಳಿಯಿತು: ಆ ತೊಟ್ಟಿಯಲ್ಲಿ ಹಿಂದೆ ಮೀನಿನ ಬಿಳಿಚುಕ್ಕೆ ರೋಗಕ್ಕೆಂದು ತಾಮ್ರದ ಔಷಧವನ್ನು ಪದೇ ಪದೇ ಹಾಕಿದ್ದರಂತೆ. ಮೀನು ಸಹಿಸಬಲ್ಲ ಅತ್ಯಲ್ಪ ತಾಮ್ರವೂ ಬಸವನಹುಳು, ಸಿಗಡಿಗಳಂತಹ ಅಕಶೇರುಕಗಳಿಗೆ ವಿಷ. ಕಲ್ಲಿಗೆ ಹತ್ತಿಕೊಂಡ ಆ ಲೋಹ ಮೆಲ್ಲಮೆಲ್ಲನೆ ನೀರಿಗೆ ಮರಳುತ್ತದೆ. ಆದುದರಿಂದ ಹಳೆಯ ತೊಟ್ಟಿಯನ್ನು ಕೊಳ್ಳುವವನು ಬೆಲೆಯನ್ನು ಕೇಳುವುದಕ್ಕೆ ಮುಂಚೆ ಅದರ ಔಷಧೋಪಚಾರದ ಚರಿತ್ರೆಯನ್ನು ಕೇಳಬೇಕು.

ಇನ್ನು ನೀರಿನ ಮಾತು. ಅಡಿಗೆಯ ಉಪ್ಪನ್ನು ಕರಗಿಸಿದರೆ ಕಡಲಾಗುವುದಿಲ್ಲ. ಒಂದು ಕಿಲೋಗ್ರಾಂ ಸಮುದ್ರಜಲದಲ್ಲಿರುವ ಸುಮಾರು 35 ಗ್ರಾಂ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳ ಪಾಲು 30 ಗ್ರಾಂ. ಉಳಿದುದು ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಮೊದಲಾದುವು, ಮತ್ತು ಜೀವಿಗಳಿಗೆ ಇವೂ ಅಷ್ಟೇ ಆವಶ್ಯಕ. 1872ರಿಂದ 1876ರವರೆಗೆ ಭೂಮಂಡಲವನ್ನು ಸುತ್ತಿದ ‘ಚಾಲೆಂಜರ್’ ನೌಕೆ ಬೇರೆ ಬೇರೆ ಸಾಗರಗಳಿಂದ ತಂದ 77 ಮಾದರಿಗಳನ್ನು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್, ಉಪ್ಪಿನ ಪ್ರಮಾಣ ಒಂದೊಂದೆಡೆ ಹೆಚ್ಚುಕಡಮೆಯಾದರೂ ಈ ಮುಖ್ಯ ಲವಣಗಳ ಪರಸ್ಪರ ಅನುಪಾತ ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ಎಂಬುದನ್ನು 1884ರಲ್ಲಿ ಸ್ಥಿರಪಡಿಸಿದನು. ಕಡಲಿಗೆ ಒಂದೇ ಪಾಕವಿರುವುದರಿಂದಲೇ ಅದನ್ನು ಪುಡಿಯ ರೂಪದಲ್ಲಿ ಪೊಟ್ಟಣ ಕಟ್ಟಿ ಮಾರಲು ಸಾಧ್ಯವಾಗಿದೆ. ನನ್ನ ತೊಟ್ಟಿಗೆ ಎರಡು ಕಿಲೋವಿಗಿಂತ ತುಸು ಹೆಚ್ಚು ಪುಡಿ ಸಾಕಾಯಿತು. ಕರಾವಳಿಯವರಿಗೆ ಅದೂ ಬೇಡ. ಆದರೆ ಮಳೆಗಾಲದಲ್ಲಿ, ಅದರಲ್ಲಿಯೂ ನೇತ್ರಾವತಿ ಗುರುಪುರ ನದಿಗಳು ಕಡಲನ್ನು ಸೇರುವ ಮಂಗಳೂರಿನ ಅಳಿವೆಯಂತಹ ಎಡೆಗಳಲ್ಲಿ, ಸಿಹಿನೀರು ಬೆರೆತು ಉಪ್ಪು ತೆಳುವಾಗುವುದರಿಂದ ನೀರನ್ನು ತುಂಬಿಕೊಳ್ಳಲಾಗದು.

ಶುದ್ಧೀಕರಿಸಿದ ನೀರಿನ ಬಕೇಟಿನಲ್ಲಿ ಪುಡಿಯನ್ನು ಸುರಿದಾಗ ಮೊದಲು ಹಾಲಿನಂತೆ ಮಬ್ಬುಗಟ್ಟಿದ ನೀರು, ಪಂಪಿನ ಗಾಳಿಯಲ್ಲಿ ರಾತ್ರಿಯೆಲ್ಲಾ ತಿರುಗಿ, ಬೆಳಗಿಗೆ ಸ್ಫಟಿಕದಂತೆ ತಿಳಿಯಾಗಿತ್ತು. ಅದರಲ್ಲಿ ಇಳಿಬಿಟ್ಟ, ಸಾಂದ್ರತೆಯನ್ನು ಅಳೆಯುವ ದ್ರವಮಾಪಕ ಕಡಲನೀರಿಗೆ ತಕ್ಕ 1.025ರ ಗೆರೆಯಲ್ಲಿ ನಿಂತಿತು. ಈ ಅಗ್ಗದ ಉಪಕರಣದ ವಿಷಯದಲ್ಲಿ ಜಿಪುಣತನ ಸಲ್ಲದು. ಆವಿಯಾಗಿ ಹೋಗುವುದು ನೀರು ಮಾತ್ರವೇ ಹೊರತು ಉಪ್ಪಲ್ಲವಾದ್ದರಿಂದ, ಗಾಜಿನ ಮೇಲೊಂದು ಗೆರೆ ಎಳೆದು, ದಿನವೂ ಅಲ್ಲಿಯವರೆಗೆ ಸಿಹಿನೀರನ್ನೇ ತುಂಬಬೇಕು.

ಮೀನನ್ನು ಬಿಡುವುದಕ್ಕೆ ಇನ್ನೂ ಕಾಲವಿದೆ. ಮೀನಿನ ಮಲಮೂತ್ರಗಳಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟಾಗಿಯೂ ಇನ್ನೊಂದು ಬಗೆಯದು ಅದನ್ನು ಅಷ್ಟಾಗಿ ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹಳೆಯ ಶೋಧಕದಲ್ಲಿದ್ದ ಸಿಹಿನೀರಿನ ಬ್ಯಾಕ್ಟೀರಿಯಗಳು ಹಠಾತ್ತಾಗಿ ಬಂದ ಉಪ್ಪನ್ನು ತಾಳಲಾರವು. ನೀರಿಗೆ ಸಿಗಡಿಯ ಚೂರೊಂದನ್ನು ಹಾಕಿ ಕೊಳೆಯಲು ಬಿಟ್ಟು, ಹೊಸ ಸಂತತಿ ನೆಲೆಯೂರುವ ತನಕ ನಾಲ್ಕರಿಂದ ಆರು ವಾರ ಕಾಯಬೇಕು. ಅವು ನೆಲೆಸಲು ರಂಧ್ರಮಯವಾದ ಕಲ್ಲು ಬೇಕು. ಹೊರದೇಶಗಳಲ್ಲಿ ಇದಕ್ಕೆ ಹವಳದಿಬ್ಬದ ಕಲ್ಲನ್ನು ಬಳಸುವುದುಂಟು. ನಮ್ಮಲ್ಲಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಮತ್ತು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಬೇಕಾದುದು. ಸುಣ್ಣಕಲ್ಲಿನ ತುಂಡುಗಳೂ ಕೋಳಿಗಳಿಗೆಂದು ಮಾರುವ ಚಿಪ್ಪಿನ ನುಚ್ಚೂ ನನ್ನ ಕೆಲಸವನ್ನು ಚೆನ್ನಾಗಿಯೇ ನಡೆಸಿದವು.

ಮೊದಲ ನಿವಾಸಿಯಾಗಿ ನಾನು ಆರಿಸಿಕೊಂಡದ್ದು, ಯಾವ ಮೀನಿನಂಗಡಿಯಲ್ಲಿಯೂ ಅಗ್ಗಕ್ಕೆ ಸಿಗುವ ಕಪ್ಪು ಮಾಲಿಯನ್ನು. ಸಿಹಿನೀರಿನಲ್ಲಿ ಮೀನಿನ ದೇಹಕ್ಕೆ ಹೊರಗಿನ ನೀರು ಸದಾ ಒಸರುತ್ತಿರುವುದರಿಂದ ಅದು ನೀರನ್ನು ಕುಡಿಯುವುದು ಬಲು ಕಡಿಮೆ, ವಿಸರ್ಜಿಸುವುದು ಹೆಚ್ಚು. ಕಡಲಿನಲ್ಲಾದರೋ ಒಡಲಿನ ನೀರೇ ಹೊರಕ್ಕೆ ಸೋರುವುದರಿಂದ, ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಲವಣವನ್ನು ಕಿವಿರುಗಳ ಮೂಲಕ ಹೊರದೂಡಬೇಕಾಗುತ್ತದೆ. ಬಹುಪಾಲು ಸಿಹಿನೀರಿನ ಮೀನುಗಳಿಗೆ ಅಸಾಧ್ಯವಾದ ಈ ವಿಪರ್ಯಯ ಮಾಲಿಗೆ ಸಾಧ್ಯ: ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದ ಅದರ ಕಿವಿರು, ಕ್ರಮವಾಗಿ ಅಭ್ಯಾಸ ಮಾಡಿಸಿದರೆ, ಅದನ್ನು ಹೊರಹಾಕುವ ಅಂಗವಾಗಿ ಬದಲಾಗುತ್ತದೆ. ಚಿಕ್ಕ ಪಾತ್ರೆಯಲ್ಲಿ ಮೀನನ್ನಿರಿಸಿ, ಒಂದು ವಾರದ ಕಾಲ ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪವೇ ಕಡಲನೀರನ್ನು ಬೆರೆಸುತ್ತಾ ಬಂದೆ. ಮೂರನೆಯ ದಿನ ಅದು ಆಹಾರವನ್ನು ಮುಟ್ಟದೆ ಮೂಲೆಯಲ್ಲಿ ನಿಂತಾಗ, ಉಪ್ಪನ್ನು ಏರಿಸದೆ ಎರಡು ದಿನ ತಡೆದೆ. ಎಂಟನೆಯ ಬೆಳಗ್ಗೆ ತೊಟ್ಟಿಗೆ ಬಿಟ್ಟ ಕೂಡಲೇ ಅದು ಸುಣ್ಣಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಕಲ್ಲಿನ ಮೇಲೆ ಆಗಷ್ಟೇ ಹಬ್ಬತೊಡಗಿದ್ದ ಕಂದು ಪಾಚಿಯನ್ನು ಮೇಯತೊಡಗಿತು.