ನಡುಗಡಲಿನಲ್ಲಿ ಮದುವೆ: ಕಾಯಿದೆ ಯಾವ ಊರಿನದು?

2024ರ ಮೇ ತಿಂಗಳ ಕೊನೆಯಲ್ಲಿ ಮುಖೇಶ್ ಅಂಬಾನಿಯವರ ಕಿರಿಯ ಮಗ ಅನಂತ್ ಅವರ ಮದುವೆಯ ಮುಂಚಿನ ಸಂಭ್ರಮ ‘ಸೆಲೆಬ್ರಿಟಿ ಅಸೆಂಟ್’ ಎಂಬ ವಿಹಾರ ನೌಕೆಯಲ್ಲಿ ನಡೆಯಿತು. ಇಟಲಿಯಿಂದ ಫ್ರಾನ್ಸಿನ ಕರಾವಳಿಗೆ ತೇಲುತ್ತ ಸಾಗಿದ ಆ ಔತಣದ ಚಿತ್ರಗಳನ್ನು ನೋಡದವರು ಕಡಿಮೆ. ಆದರೆ ಮದುವೆ ನಡೆದದ್ದು ಜುಲೈ 12ರಂದು, ಮುಂಬೈಯ ಗಟ್ಟಿ ನೆಲದ ಮೇಲೆ. ಅವರ ಕಾರಣ ಅವರಿಗೇ ಗೊತ್ತು. ಆದರೆ ‘ಔತಣವಷ್ಟೇ ಅಲ್ಲ, ಮದುವೆಯೇ ಹಡಗಿನಲ್ಲಿ ಆಗಲಿ’ ಎಂದು ಮಕ್ಕಳು ಹಟ ಹಿಡಿದರೆ, ತಂದೆತಾಯಿ ಮೊದಲು ಕೇಳಬೇಕಾದದ್ದು ಖರ್ಚಿನ ಲೆಕ್ಕವಲ್ಲ. ಹಡಗಿನ ಹಿಂಭಾಗದಲ್ಲಿ ಹಾರುತ್ತಿರುವ ಬಾವುಟ ಯಾವ ದೇಶದ್ದು ಎಂಬುದನ್ನು.

ಹಡಗಿನ ಕ್ಯಾಪ್ಟನ್ ಯಾರಿಗೆ ಬೇಕಾದರೂ ಮದುವೆ ಮಾಡಿಸಬಲ್ಲ ಎಂಬ ನಂಬಿಕೆಯನ್ನು ಸಿನಿಮಾ, ಕಾದಂಬರಿಗಳು ಬೆಳೆಸಿವೆ. ನಿಜ ಹಾಗಿಲ್ಲ. ಬ್ರಿಟನ್ನಿನ 1894ರ ಹಡಗು ಕಾಯಿದೆ, ಹಡಗಿನಲ್ಲಿ ನಡೆದ ಪ್ರತಿ ಮದುವೆಯನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಬೇಕೆಂದು ಕ್ಯಾಪ್ಟನ್‌ಗೆ ವಿಧಿಸಿತ್ತು. ಬರೆದಿಡುವುದು ಬೇರೆ, ಮಾಡಿಸುವುದು ಬೇರೆ. ಅಮೆರಿಕದ ನೌಕಾಪಡೆಯಂತೂ ತನ್ನ ಹಡಗಿನ ಕಮಾಂಡರ್ ಮದುವೆ ಮಾಡಿಸಕೂಡದೆಂದು ನಿಯಮದಲ್ಲೇ ಹೇಳಿದೆ.

ಹಾಗಾದರೆ ಅಧಿಕಾರ ಎಲ್ಲಿಂದ ಬರುತ್ತದೆ? ಪ್ರತಿ ಹಡಗಿಗೂ ಒಂದು ತವರೂರು ಉಂಟು. ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಬಾವುಟ ಅದರ ಮೇಲೆ ಹಾರುತ್ತದೆ. ನಡುಗಡಲಿನಲ್ಲಿ ಆ ದೇಶದ ಕಾಯಿದೆಯೇ ಅಲ್ಲಿ ನಡೆಯುತ್ತದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುವುದೂ ಇದನ್ನೇ. ಆದ್ದರಿಂದ ಬಹಾಮಾಸ್, ಮಾಲ್ಟಾ, ಬರ್ಮುಡಾದಂಥ ಪುಟ್ಟ ದ್ವೀಪಗಳ ಹೆಸರು ಹೊತ್ತ ದೊಡ್ಡ ಹಡಗುಗಳೇ ಸಾಗರದಲ್ಲಿ ಹೆಚ್ಚು ಕಾಣುತ್ತವೆ.

ಬಾವುಟ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕುನಾರ್ಡ್ ಕಂಪನಿಯ ಕತೆಯೇ ಸಾಕ್ಷಿ. 1840ರಿಂದ ಅದರ ಹಡಗುಗಳು ಬ್ರಿಟನ್ನಿನಲ್ಲೇ ನೋಂದಣಿಯಾಗಿದ್ದವು. ಬ್ರಿಟಿಷ್ ಕಾಯಿದೆ ಹಡಗಿನ ಮದುವೆಗೆ ಅವಕಾಶ ಕೊಡುತ್ತಿರಲಿಲ್ಲ. 2011ರಲ್ಲಿ ‘ಕ್ವೀನ್ ಮೇರಿ 2’ ಸೇರಿ ಮೂರು ಹಡಗುಗಳ ಹಿಂಬದಿಯಲ್ಲಿದ್ದ ‘ಸೌತಾಂಪ್ಟನ್’ ಎಂಬ ಹೆಸರು ಅಳಿಸಿ, ಬರ್ಮುಡಾದ ರಾಜಧಾನಿ ‘ಹ್ಯಾಮಿಲ್ಟನ್’ ಬಂತು. ಮದುವೆಗಳಿಗೆ ಅನುಕೂಲವಾಗಲೆಂದು ಈ ಬದಲಾವಣೆ ಎಂದಿತು ಕಂಪನಿ. ನೌಕರರ ಸಂಬಳದ ಕಾನೂನಿನಿಂದ ತಪ್ಪಿಸಿಕೊಳ್ಳಲು ಎಂದವರೂ ಇದ್ದರು! ಅದೇನೇ ಇರಲಿ, 2012ರಿಂದ ಅಲ್ಲಿ ಕ್ಯಾಪ್ಟನ್ ಮದುವೆ ಮಾಡಿಸತೊಡಗಿದರು. ಬಾವುಟದ ಮಹಿಮೆ ಇಷ್ಟಕ್ಕೇ ಮುಗಿಯದು. ಮಾಲ್ಟಾದ ಬಾವುಟ ಹೊತ್ತ ಹಡಗುಗಳಲ್ಲಿ 2017ರಿಂದ ಸಲಿಂಗಿಗಳ ವಿವಾಹವೂ ಕಾನೂನುಬದ್ಧ. ಬರ್ಮುಡಾದ ಬಾವುಟದಡಿ ಅದು ಸಲ್ಲದೆಂಬ ಸರ್ಕಾರದ ನಿಲುವನ್ನು 2022ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಸಮುದ್ರ ಒಂದೇ, ಕಾಯಿದೆ ಎರಡು.

<b>ನಮ್ಮ ಕಾಯಿದೆ ಏನು ಹೇಳುತ್ತದೆ?</b>

ಭಾರತೀಯರಿಗೆ ತೊಡಕು ಇಲ್ಲಿಂದ ಶುರು. ವಿದೇಶದಲ್ಲಿ ನಡೆದ ಮದುವೆಗಳಿಗಾಗಿ ನಮ್ಮಲ್ಲಿ 1969ರ ವಿದೇಶ ವಿವಾಹ ಕಾಯಿದೆ ಇದೆ. ಅಲ್ಲಿ ‘ವಿದೇಶ’ ಎಂದರೆ ಭಾರತದ ಹೊರಗಿನ ದೇಶ ಅಥವಾ ಸ್ಥಳ. ಅದರ ಗಡಿಯೊಳಗಿನ ಸಮುದ್ರದಲ್ಲಿರುವ ಹಡಗೂ ಅದರಲ್ಲಿ ಸೇರುತ್ತದೆ. ಅಂದರೆ ಬಂದರಿನಲ್ಲಿ ನಿಂತ ಹಡಗಿಗೆ ಜಾಗವುಂಟು. ಯಾವ ದೇಶಕ್ಕೂ ಸೇರದ ನಡುಗಡಲಿನ ಹಡಗಿನ ಮಾತನ್ನು ಆ ವಾಕ್ಯ ಎತ್ತುವುದೇ ಇಲ್ಲ. ಕುನಾರ್ಡ್ ಕ್ಯಾಪ್ಟನ್ ಮದುವೆ ಮಾಡಿಸುವುದೋ ಸರಿಯಾಗಿ ಅಂಥ ನಡುಗಡಲಿನಲ್ಲಿ! ಮುಂದೆ ವೀಸಾ, ಆಸ್ತಿ, ಪಿಂಚಣಿ ಎಂದು ಕಚೇರಿ ಹತ್ತಿದಾಗ ಗುಮಾಸ್ತರು ‘ಮದುವೆ ನಡೆದ ಸ್ಥಳ’ ಎಂದು ಕೇಳಿದರೆ ಅಕ್ಷಾಂಶ ರೇಖಾಂಶ ಹೇಳಿ ಪಾರಾಗುವುದು ಸುಲಭವಲ್ಲ.

ಶಾಸ್ತ್ರೋಕ್ತವಾಗಿ ಮಾಡಿಕೊಂಡರೆ? ಭಾರತದಲ್ಲಿ ಕಾಯಂ ನೆಲೆಯಿರುವ ಹಿಂದೂಗಳಿಗೆ 1955ರ ಹಿಂದೂ ವಿವಾಹ ಕಾಯಿದೆ ದೇಶದ ಹೊರಗೂ ಅನ್ವಯಿಸುತ್ತದೆ. ಸಪ್ತಪದಿ ಪದ್ಧತಿ ಇರುವವರಿಗೆ ಅಗ್ನಿಯೆದುರು ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣ. ವಿಧಿಗಳನ್ನು ನಡೆಸದೆ ಬರೀ ಪ್ರಮಾಣಪತ್ರ ಪಡೆದರೆ ಅದು ಹಿಂದೂ ವಿವಾಹವಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದರೆ ಹಡಗಿನಲ್ಲಿ ಅಗ್ನಿ ಎಲ್ಲಿಂದ ತರುವುದು? ನೀರಿನ ಮೇಲೆ ತೇಲುವ ಮನೆಗೆ ನೀರಿಗಿಂತ ಬೆಂಕಿಯ ಭಯವೇ ಹೆಚ್ಚು. 1934ರಲ್ಲಿ ನ್ಯೂಜೆರ್ಸಿಯ ತೀರದ ಬಳಿ ‘ಮೊರೊ ಕ್ಯಾಸಲ್’ ಹೊತ್ತಿ ಉರಿದಾಗ 137 ಜನ ಸತ್ತರು. ಹೀಗಾಗಿ ವಿಹಾರ ನೌಕೆಗಳಲ್ಲಿ ಮೇಣದಬತ್ತಿ, ಊದುಬತ್ತಿಗಳೂ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಸೇರಿರುತ್ತವೆ. ಹೋಮಕುಂಡಕ್ಕೆ ಒಪ್ಪಿಗೆ ಬೇಕಿದ್ದರೆ ತಿಂಗಳುಗಳ ಮೊದಲೇ ಬರವಣಿಗೆಯಲ್ಲಿ ಕೇಳಬೇಕು. ಬಾಯಿಮಾತನ್ನು ನಂಬಿ ಹತ್ತಿದರೆ ಕೊನೆಗೆ ವಿದ್ಯುತ್ ದೀಪದ ಸುತ್ತ ಪ್ರದಕ್ಷಿಣೆ ಬರಬೇಕಾದೀತು.

ಮುಹೂರ್ತದ ಗೋಜೂ ಸ್ವಾರಸ್ಯದ್ದೇ. ಲಗ್ನ ಗುಣಿಸುವುದು ಊರಿನ ಸೂರ್ಯೋದಯ ಹಿಡಿದು. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಏಳು ರಾತ್ರಿಗಳ ಪಯಣದಲ್ಲಿ ‘ಕ್ವೀನ್ ಮೇರಿ 2’ರ ಗಡಿಯಾರವನ್ನು ಐದು ಸಲ ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಊರೇ ಓಡುತ್ತಿರುವಾಗ ಪುರೋಹಿತರು ಯಾವ ಊರಿನ ಪಂಚಾಂಗ ತೆರೆಯಬೇಕು?

<b>ಬೀಗರಿಗೆ ಹಡಗು ಕಾಯದು</b>

ತಯಾರಿಯ ಮಾತಿಗೆ ಬಂದರೆ, ಕಾಗದಪತ್ರವೇ ಮುಕ್ಕಾಲು ಪಾಲು. ಬರ್ಮುಡಾದ ಬಾವುಟದಡಿ ಮದುವೆಯಾಗಲು ಅಲ್ಲಿನ ನೋಂದಣಾಧಿಕಾರಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಅದು ಅಲ್ಲಿನ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಮಯಾಮಿಯ ಬಂದರಿನಲ್ಲಿ, ಹಡಗು ಹೊರಡುವ ಮುನ್ನ ಆಗುವುದಾದರೆ ಫ್ಲಾರಿಡಾದ ಪರವಾನಗಿ ಬೇಕು. ಅದರ ಆಯುಸ್ಸು 60 ದಿನ. ಈ ಬಂದರಿನ ದಾರಿಯಲ್ಲಿ ಇನ್ನೊಂದು ಲಾಭವಿದೆ: ಕೆಲವು ಕಂಪನಿಗಳಲ್ಲಿ ಪಯಣಕ್ಕೆ ಬಾರದ ನೆಂಟರೂ ಮೊದಲೇ ಹೆಸರು ಕೊಟ್ಟು ಹಡಗಿಗೆ ಹತ್ತಿ, ಅಕ್ಷತೆ ಹಾಕಿ ಇಳಿಯಬಹುದು.

ಪಯಣಕ್ಕೆ ಬರುವ ನೆಂಟರ ಚಿಂತೆ ಬೇರೆ. ವಿದೇಶದ ಪಯಣವೆಂದರೆ ಅಜ್ಜಿಗೂ ಪಾಸ್‌ಪೋರ್ಟ್ ಬೇಕು, ಪುರೋಹಿತರಿಗೂ ವೀಸಾ ಬೇಕು. ಗರ್ಭಿಣಿಯರನ್ನು ಸಾಮಾನ್ಯವಾಗಿ 24ನೆಯ ವಾರದಿಂದ ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳೊಳಗಿನ ಹಸುಗೂಸಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ. ಮಾವಿನ ತೋರಣ, ವೀಳ್ಯದೆಲೆ, ಬಾಳೆಕಂದುಗಳನ್ನು ಸಾಕಷ್ಟು ಬಂದರುಗಳಲ್ಲಿ ಕೀಟ ರೋಗದ ಭಯದಿಂದ ತಡೆಯುತ್ತಾರೆ. ದಿಬ್ಬಣ ತಡವಾದರೆ ಛತ್ರದವರು ಗೊಣಗಿಕೊಂಡಾದರೂ ಕಾಯುತ್ತಾರೆ. ಹಡಗಿನ ಏಣಿಯನ್ನು ಮಾತ್ರ ಹೊರಡುವುದಕ್ಕೆ ಮೊದಲೇ ಎತ್ತಿಬಿಡುತ್ತಾರೆ.

ಇಷ್ಟಾದರೂ ಆಸೆ ಬಿಡದವರಿಗೆ ನೇರವಾದ ದಾರಿಯೊಂದಿದೆ. ಊರಿನಲ್ಲೇ 1954ರ ವಿಶೇಷ ವಿವಾಹ ಕಾಯಿದೆಯಂತೆ 30 ದಿನದ ನೋಟಿಸ್ ಕೊಟ್ಟು ನೋಂದಣಿ ಮದುವೆಯಾಗುವುದು, ಇಲ್ಲವೇ ಮನೆಮಂದಿಯೆದುರು ಸಪ್ತಪದಿ ತುಳಿದು ನೋಂದಾಯಿಸಿಕೊಳ್ಳುವುದು. ಆಮೇಲೆ ಹಡಗು ಹತ್ತಿ, ಕ್ಯಾಪ್ಟನ್ನರ ಕೈಯಿಂದ ಹಾರ ಬದಲಾಯಿಸಿಕೊಳ್ಳಬಹುದು. ಇಂಥ ಸಾಂಕೇತಿಕ ಸಮಾರಂಭವನ್ನು ಹಲವು ಕಂಪನಿಗಳು ಬೇರೆಯಾಗಿಯೇ ಏರ್ಪಡಿಸುತ್ತವೆ. ಅದಕ್ಕೆ ಬಾವುಟ ಯಾವ ದೇಶದ್ದಾದರೂ ಅಡ್ಡಿಯಿಲ್ಲ.