ಫೋನಿನ ಗಾಲ್ಫ್: ಯಾವ ಕ್ಲಬ್ಬಿಗೆ ಎಷ್ಟು ಬೆಲೆ?

ಆಟ ಮಕ್ಕಳ ಸಹಜ ಸ್ವಭಾವ. ಇಸ್ಲಾಮ್ ಅದನ್ನು ವಿರೋಧಿಸುವುದಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಬಿಲ್ವಿದ್ಯೆ ಮತ್ತು ಕುದುರೆ ಸವಾರಿಯನ್ನು ಪ್ರೋತ್ಸಾಹಿಸಿದ್ದರು. ಪತ್ನಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದಲ್ಲಿ ಸ್ಪರ್ಧಿಸಿದ್ದರು. ಆದ್ದರಿಂದ ಮಕ್ಕಳು ಆಡುತ್ತಾರೆಂದು ಹೆತ್ತವರು ಹೆದರಬೇಕಾಗಿಲ್ಲ. ಏನನ್ನು ಆಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ಅದಕ್ಕೆ ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ತಿಳಿದಿರಬೇಕು.

ನಮ್ಮಲ್ಲಿ ಹೆಚ್ಚಿನವರು ಗಾಲ್ಫನ್ನು ಟಿ.ವಿ.ಯಲ್ಲಿ ಮಾತ್ರ ಕಂಡವರು. ಅದು ಹಣವಂತರ ಆಟವೆಂದು ನಮ್ಮ ಭಾವನೆ. ಆದರೆ ಫೋನು ಆ ಬೇಲಿಯನ್ನು ಕಿತ್ತುಹಾಕಿದೆ. ಕ್ರಿಕೆಟ್ ಬ್ಯಾಟನ್ನು ಮೂಲೆಗಿಟ್ಟು ಮಂಚದ ಮೇಲೆ ಮಲಗಿಯೇ ಗಾಲ್ಫ್ ಆಡುವ ಹುಡುಗರಿದ್ದಾರೆ. “ಉಮ್ಮಾ, ಹೊಸ ಡ್ರೈವರ್ ತಕ್ಕೊಳ್ಳಲಾ?” ಎಂದು ಮಗ ಕೇಳಿದಾಗ ಕಾರು ಓಡಿಸುವವನ ಬಗ್ಗೆ ಕೇಳುತ್ತಿದ್ದಾನೆಂದು ಭಾವಿಸುವ ತಾಯಂದಿರೂ ಇರಬಹುದು. ಡ್ರೈವರ್ ಎಂದರೆ ಚೆಂಡನ್ನು ಅತಿ ದೂರಕ್ಕೆ ಹೊಡೆಯುವ ಕೋಲು. ಅದನ್ನು ಕೊಳ್ಳಬೇಕೇ ಬೇಡವೇ ಎಂಬ ಈ ಸಣ್ಣ ಪ್ರಶ್ನೆಯ ಹಿಂದೆ ಹಣ, ಸಮಯ ಮತ್ತು ಧರ್ಮದ ದೊಡ್ಡ ಪ್ರಶ್ನೆಗಳಿವೆ.

ಉಚಿತವಾಗಿ ಬರುವ ಆಟ

ಉದಾಹರಣೆಗೆ ಎರಡು ಆಟಗಳನ್ನು ನೋಡೋಣ. ವರ್ಲ್ಡ್ ಗಾಲ್ಫ್ ಟೂರ್ ಎಂಬುದು 2008ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಪೆಬಲ್ ಬೀಚ್, ಸೇಂಟ್ ಆಂಡ್ರ್ಯೂಸ್‌ನಂತಹ ನಿಜವಾದ ಮೈದಾನಗಳ ಛಾಯಾಚಿತ್ರಗಳ ಮೇಲೆ ಆಡುವ ಆಟವಿದು. ಇನ್ನೊಂದು, 2017ರಲ್ಲಿ ಇಂಗ್ಲೆಂಡಿನ ಪ್ಲೇಡೆಮಿಕ್ ಕಂಪೆನಿ ಹೊರತಂದ ಗಾಲ್ಫ್ ಕ್ಲಾಷ್. ಇದರಲ್ಲಿ ಇಬ್ಬರು ಆಟಗಾರರು ಒಂದು ಕುಳಿಗಾಗಿ ಕೆಲವೇ ನಿಮಿಷ ಸೆಣಸುತ್ತಾರೆ. ಎರಡನ್ನೂ ಹಣ ಕೊಡದೆ ಆಡಲು ಆರಂಭಿಸಬಹುದು.

ಹಾಗಾದರೆ ಕಂಪೆನಿಗೆ ಆದಾಯ ಎಲ್ಲಿಂದ? 2021ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಪ್ಲೇಡೆಮಿಕ್ ಕಂಪೆನಿಯನ್ನು ಕೊಂಡುಕೊಂಡದ್ದು 140 ಕೋಟಿ ಡಾಲರಿಗೆ. ಪುಕ್ಕಟೆ ಆಟವೊಂದನ್ನು ಆಧರಿಸಿದ ಕಂಪೆನಿಗೆ ಇಷ್ಟು ಬೆಲೆ ಬರಬೇಕಾದರೆ ಎಲ್ಲೋ ಯಾರೋ ಹಣ ಕೊಡುತ್ತಿದ್ದಾರೆ ಎಂದೇ ಅರ್ಥ. ಆ ಹಣದ ಬಹುಭಾಗ ಬರುವುದು ಆಟದ ಒಳಗಿನ ಸಾಮಗ್ರಿಗಳ ಮಾರಾಟದಿಂದ. ಅಂಗಡಿಗೆ ಪ್ರವೇಶ ಉಚಿತ, ಒಳಗಿರುವ ಸರಕಿಗೆ ಬೆಲೆ.

ಸರಕು ಯಾವುದು?

ನಿಜವಾದ ಗಾಲ್ಫ್‌ನಲ್ಲಿ ಆಟಗಾರ ತನ್ನ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್‌ಗಳನ್ನು ಇಟ್ಟುಕೊಳ್ಳುವಂತಿಲ್ಲ. ದೂರಕ್ಕೆ ಡ್ರೈವರ್ ಮತ್ತು ವುಡ್, ಮಧ್ಯದ ಅಂತರಕ್ಕೆ ಐರನ್, ಹತ್ತಿರದಿಂದ ಚೆಂಡನ್ನು ಎತ್ತಿ ಹಾಕಲು ವೆಜ್, ಗ್ರೀನ್ ಎಂಬ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸಲು ಪಟ್ಟರ್. ಫೋನಿನ ಆಟದಲ್ಲೂ ಹೆಚ್ಚು ಕಡಿಮೆ ಇದೇ ವಿಂಗಡಣೆ. ಪ್ರತಿಯೊಂದು ಕ್ಲಬ್ಬಿಗೂ ಗುಣಗಳ ಅಂಕಗಳಿರುತ್ತವೆ: ಎಷ್ಟು ದೂರ ಹೋಗುತ್ತದೆ, ಎಷ್ಟು ನಿಖರ, ಕೈತಪ್ಪಿದರೆ ಎಷ್ಟು ಸಹಿಸುತ್ತದೆ, ಚೆಂಡು ಬಿದ್ದಲ್ಲಿ ಎಷ್ಟು ನಿಲ್ಲುತ್ತದೆ.

ಹೊಸಬನ ಕಣ್ಣು ಮೊದಲು ಬೀಳುವುದು ದೂರದ ಅಂಕದ ಮೇಲೆ. ಅತಿ ದೂರ ಹೊಡೆಯುವ ಡ್ರೈವರನ್ನೇ ಮೊದಲು ಕೊಳ್ಳಬೇಕೆಂದು ಅವನ ಮನಸ್ಸು ಹೇಳುತ್ತದೆ. ಇದು ಸರಿಯೇ? ಸ್ವಲ್ಪ ಲೆಕ್ಕ ಹಾಕೋಣ.

ಪೂರ್ಣ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಸಾಮಾನ್ಯವಾಗಿ ನುರಿತ ಆಟಗಾರನಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ 72. ಪ್ರತಿ ಕುಳಿಗೆ ಪಟ್ಟರ್‌ನ 2 ಹೊಡೆತ ಎಂದು ಈ ಲೆಕ್ಕದಲ್ಲಿ ಸೇರಿಸಲಾಗಿದೆ. ಅಂದರೆ 72ರಲ್ಲಿ 36 ಹೊಡೆತ, ಸರಿಯಾಗಿ ಅರ್ಧ, ಪಟ್ಟರ್‌ನದು. ಇನ್ನು ಡ್ರೈವರ್? 18 ಕುಳಿಗಳಲ್ಲಿ ಸಾಮಾನ್ಯವಾಗಿ 4 ತೀರಾ ಹತ್ತಿರದವು; ಅಲ್ಲಿ ಡ್ರೈವರ್ ಬೇಕಾಗುವುದಿಲ್ಲ. ಉಳಿದದ್ದು ಹೆಚ್ಚೆಂದರೆ 14 ಹೊಡೆತ. ಕಡಿಮೆ ಬಳಸುವ ವಸ್ತುವಿಗೆ ಮೊದಲು ಹಣ ಸುರಿದು, ಹೆಚ್ಚು ಬಳಸುವುದನ್ನು ಮರೆಯುವುದು ಜಾಣತನವಲ್ಲ. ಅಡುಗೆಮನೆಯಲ್ಲಿ ದಿನವೂ ಬೇಕಾದ ಕತ್ತಿ ಮೊಂಡಾಗಿರುವಾಗ ಪೆರ್ನಾಳ್‌ಗೆ ಮಾತ್ರ ಹೊರತೆಗೆಯುವ ದೊಡ್ಡ ಪಾತ್ರೆ ಕೊಂಡಂತೆ.

ಹೊಸಬರಿಗೆ ಕೆಲವು ಸಲಹೆಗಳು

ವರ್ಲ್ಡ್ ಗಾಲ್ಫ್ ಟೂರ್‌ನಂತಹ ಆಟದಲ್ಲಿ ಮೊದಲು ಉತ್ತಮಪಡಿಸಬೇಕಾದದ್ದು ಪಟ್ಟರ್, ನಂತರ ವೆಜ್. ಕುಳಿಯ ಸಮೀಪದಲ್ಲಿ ಉಳಿಸಿದ ಒಂದು ಹೊಡೆತಕ್ಕೂ 300 ಗಜ ದೂರದಲ್ಲಿ ಉಳಿಸಿದ ಒಂದು ಹೊಡೆತಕ್ಕೂ ಅಂಕದಲ್ಲಿ ವ್ಯತ್ಯಾಸವಿಲ್ಲ. ಐರನ್, ಡ್ರೈವರ್‌ಗಳು ಅನಂತರ ಬರಲಿ.

ಚೆಂಡಿನ ಬಗ್ಗೆ ಎಚ್ಚರ ಬೇಕು. ಈ ಆಟದಲ್ಲಿ ಅಳತೆ ಪಟ್ಟಿಯ ಮೇಲೆ ಓಡುವ ಗೆರೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಕೆಲವು ಚೆಂಡುಗಳು ಈ ಗೆರೆಯ ಓಟವನ್ನು ನಿಧಾನಗೊಳಿಸುತ್ತವೆ. ಹೊಸಬನಿಗೆ ಇದು ನಿಜವಾಗಿಯೂ ಸಹಾಯಕ. ಆದರೆ ಕ್ಲಬ್ ಉಳಿಯುತ್ತದೆ, ಚೆಂಡು ಸವೆಯುತ್ತದೆ. ಒಮ್ಮೆ ನಿಧಾನದ ಗೆರೆಗೆ ಕೈ ಒಗ್ಗಿಬಿಟ್ಟರೆ ಮತ್ತೆ ಮತ್ತೆ ಕೊಳ್ಳುತ್ತಲೇ ಇರಬೇಕಾಗುತ್ತದೆ. ಕಲಿಯುವ ಕಾಲದಲ್ಲಿ ಆಟ ಪುಕ್ಕಟೆ ಕೊಡುವ ಚೆಂಡಿನಲ್ಲೇ ಕೈ ಪಳಗಿಸುವುದು ಲೇಸು.

ಮೂರನೆಯದು ಮಟ್ಟದ ವಿಷಯ. ಹೆಚ್ಚಿನ ಕ್ಲಬ್‌ಗಳಿಗೆ ಬೀಗವಿರುತ್ತದೆ. ಆಟಗಾರ ನಿಗದಿತ ಮಟ್ಟ ತಲುಪಿದಾಗ ಮಾತ್ರ ತೆರೆಯುತ್ತದೆ. ಆರಂಭದ ಮಟ್ಟಗಳು ಬೇಗ ಬೇಗ ಏರುತ್ತವೆ. ಇಂದು ಕೊಂಡ ಕ್ಲಬ್ಬಿಗಿಂತ ಒಳ್ಳೆಯದು ಸ್ವಲ್ಪ ದಿನದಲ್ಲೇ ಕಣ್ಣ ಮುಂದೆ ಬರುತ್ತದೆ. ಹಳೆಯದನ್ನು ಮಾರಿ ಹಣ ಪಡೆಯುವಂತಿಲ್ಲ. ಆದ್ದರಿಂದ ಪ್ರತಿ ಮೆಟ್ಟಿಲಲ್ಲೂ ಕೊಳ್ಳದೆ ಹಲವು ಮೆಟ್ಟಿಲು ಕಾದು ಒಮ್ಮೆ ಕೊಳ್ಳುವವನೇ ಲಾಭ ಪಡೆಯುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ಒಳ್ಳೆಯ ಕ್ಲಬ್ಬಿನಿಂದ ಅಂಕ ಸುಧಾರಿಸಿದರೆ ಆಟ ನಿಮ್ಮನ್ನು ಮೇಲಿನ ವರ್ಗಕ್ಕೆ ದಾಟಿಸುತ್ತದೆ. ಅಲ್ಲಿ ಚೆಂಡು ಹೊಡೆಯುವ ಜಾಗ ಹಿಂದಕ್ಕೆ ಸರಿಯುತ್ತದೆ, ಗ್ರೀನ್‌ನ ಮೇಲೆ ಚೆಂಡು ವೇಗವಾಗಿ ಉರುಳುತ್ತದೆ. ಕೌಶಲ ಬೆಳೆಯದೆ ಸಲಕರಣೆಯ ಬಲದಿಂದ ಮಾತ್ರ ಮೇಲೇರಿದವನು ಅಲ್ಲಿ ಸೋಲುತ್ತಾನೆ, ಮತ್ತೆ ಹೊಸ ಸಲಕರಣೆಗೆ ಕೈಚಾಚುತ್ತಾನೆ.

ಗಾಲ್ಫ್ ಕ್ಲಾಷ್‌ನ ವ್ಯವಸ್ಥೆ ಬೇರೆ. ಇಲ್ಲಿ ಕ್ಲಬ್‌ಗಳು ಕಾರ್ಡ್‌ಗಳ ರೂಪದಲ್ಲಿ ಬರುತ್ತವೆ. ಒಂದೇ ಕ್ಲಬ್ಬಿನ ಹಲವು ಕಾರ್ಡ್‌ಗಳು ಸೇರಿದಾಗ ನಾಣ್ಯ ಕೊಟ್ಟು ಅದನ್ನು ಒಂದು ಮೆಟ್ಟಿಲು ಮೇಲೇರಿಸಬಹುದು. ಪ್ರತಿ ಮೆಟ್ಟಿಲಿಗೂ ಖರ್ಚು ಹೆಚ್ಚುತ್ತದೆ. ಪಂದ್ಯಕ್ಕೆ ಪ್ರವೇಶ ಶುಲ್ಕ ಕೊಡಬೇಕಾದದ್ದೂ ಇದೇ ನಾಣ್ಯದಿಂದ. ಸಿಕ್ಕಿದ ಎಲ್ಲ ಕ್ಲಬ್‌ಗಳನ್ನೂ ಮೇಲೇರಿಸುತ್ತಾ ಹೋದ ಹುಡುಗನಿಗೆ ಕೊನೆಗೆ ಪಂದ್ಯ ಆಡಲು ನಾಣ್ಯವೇ ಉಳಿಯುವುದಿಲ್ಲ. ಪ್ರತಿ ಬಗೆಯಲ್ಲಿ ಒಂದನ್ನು ಮಾತ್ರ ಆರಿಸಿ ಬೆಳೆಸುವುದು, ಹಲವು ಪಂದ್ಯಗಳಿಗೆ ಸಾಲುವಷ್ಟು ನಾಣ್ಯವನ್ನು ಮುಟ್ಟದೆ ಇಡುವುದು, ಮೇಲಿನ ಟೂರ್‌ಗಳಿಗೆ ಅವಸರದಿಂದ ಜಿಗಿಯದಿರುವುದು ಒಳ್ಳೆಯ ಕ್ರಮ. ಅಪರೂಪದ ಕಾರ್ಡ್ ಸಿಕ್ಕಿತೆಂದು ಹಿಗ್ಗುವ ಅಗತ್ಯವೂ ಇಲ್ಲ. ಹಲವು ಮೆಟ್ಟಿಲು ಏರಿದ ಸಾಮಾನ್ಯ ಕ್ಲಬ್, ಮೊದಲ ಮೆಟ್ಟಿಲಲ್ಲಿರುವ ಅಪರೂಪದ ಕ್ಲಬ್ಬಿಗಿಂತ ಉಪಯುಕ್ತವಾಗುವುದುಂಟು.

ಮುಚ್ಚಿದ ಪೆಟ್ಟಿಗೆ

ಇಲ್ಲಿಯವರೆಗಿನದ್ದು ಆಟದ ಜಾಣ್ಮೆ. ಇನ್ನು ಮುಂದಿನದು ಈಮಾನಿನ ವಿಷಯ.

ಅಂಗಡಿಯಲ್ಲಿ ಬೆಲೆ ನೋಡಿ ಒಂದು ಕ್ಲಬ್ ಕೊಳ್ಳುವುದು ವ್ಯಾಪಾರ. ಏನು ಕೊಡುತ್ತೇನೆ, ಏನು ಪಡೆಯುತ್ತೇನೆ ಎಂಬುದು ಸ್ಪಷ್ಟ. ಆದರೆ ಗಾಲ್ಫ್ ಕ್ಲಾಷ್‌ನಂತಹ ಆಟಗಳಲ್ಲಿ ಕಾರ್ಡ್‌ಗಳು ಸಿಗುವುದು ಪೆಟ್ಟಿಗೆಗಳ ಒಳಗೆ. ಗೆದ್ದಾಗ ಪೆಟ್ಟಿಗೆ ಸಿಗುತ್ತದೆ. ಅದು ತೆರೆಯಲು ಗಂಟೆಗಟ್ಟಲೆ ಕಾಯಬೇಕು. ಕಾಯಲು ಮನಸ್ಸಿಲ್ಲದವನು ರತ್ನಗಳನ್ನು ಕೊಟ್ಟು ಕೂಡಲೇ ತೆರೆಯಬಹುದು. ಆ ರತ್ನಗಳನ್ನು ನಿಜವಾದ ಹಣ ಕೊಟ್ಟು ಕೊಳ್ಳಬಹುದು. ಪೆಟ್ಟಿಗೆಗಳನ್ನೇ ನೇರವಾಗಿ ಕೊಳ್ಳುವುದೂ ಉಂಟು. ಒಳಗೆ ಬೇಕಾದ ಕಾರ್ಡ್ ಇದೆಯೋ ಇಲ್ಲವೋ, ತೆರೆದ ನಂತರವೇ ಗೊತ್ತು.

ಏನು ಸಿಗುತ್ತದೆಂದು ತಿಳಿಯದ, ಅನಿಶ್ಚಿತತೆಯಿಂದ ಕೂಡಿದ ಮಾರಾಟವನ್ನು ಪ್ರವಾದಿ(ಸ)ರು ನಿಷೇಧಿಸಿದ್ದಾರೆ. ಶರೀಅತ್‌ನಲ್ಲಿ ಇದನ್ನು ಗರರ್ ಎನ್ನುತ್ತಾರೆ. ಜೂಜನ್ನು ಪವಿತ್ರ ಕುರ್‌ಆನ್ ಮದ್ಯದ ಜೊತೆಯಲ್ಲಿ ಹೆಸರಿಸಿ, ಅದರಿಂದ ದೂರವಿರುವಂತೆ ಆಜ್ಞಾಪಿಸಿದೆ (5:90). ಹಣ ಕೊಟ್ಟು ಪೆಟ್ಟಿಗೆ ಕೊಳ್ಳುವ ಹುಡುಗನ ಕೈಯಲ್ಲಿ ಇಸ್ಪೀಟು ಇಲ್ಲದಿರಬಹುದು. ಆದರೆ ‘ಈ ಸಲ ಬರಲಿಲ್ಲ, ಮುಂದಿನ ಸಲ ಬಂದೇ ಬರುತ್ತದೆ’ ಎಂಬ ಅವನ ಮನಸ್ಥಿತಿ ಜೂಜುಕೋರನದ್ದೇ. ಹಣ ಕೊಟ್ಟು ಕೊಂಡ ನಾಣ್ಯಗಳನ್ನು ಪಣವಿಟ್ಟು, ಗೆದ್ದವನು ಎಲ್ಲವನ್ನೂ ಒಯ್ಯುವ ಪಂದ್ಯಗಳ ಬಗ್ಗೆಯೂ ಸಂದೇಹ ಸಹಜ. ನಂಬಿಕಸ್ಥ ವಿದ್ವಾಂಸರಲ್ಲಿ ವಿಚಾರಿಸಿ ಮುಂದುವರಿಯುವುದು ಒಳಿತು.

ಇದು ಮುಸ್ಲಿಮರ ಆತಂಕ ಮಾತ್ರವಲ್ಲ. ಕೆಲವು ಜನಪ್ರಿಯ ಆಟಗಳಲ್ಲಿ ಹಣ ಪಡೆದು ಮಾರುವ ಇಂತಹ ಪೆಟ್ಟಿಗೆಗಳು ತನ್ನ ದೇಶದ ಜೂಜು ಕಾನೂನಿಗೆ ವಿರುದ್ಧವೆಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಘೋಷಿಸಿತು. ಪೆಟ್ಟಿಗೆಯಲ್ಲಿ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂದು ಕೊಳ್ಳುವ ಮೊದಲೇ ತಿಳಿಸಬೇಕೆಂದು ಆ್ಯಪಲ್ ಕಂಪೆನಿ 2017ರಲ್ಲಿ ನಿಯಮ ಮಾಡಿತು. ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾಯ್ದೆಗೆ ಒಪ್ಪಿಗೆ ನೀಡಿತು. ಆದರೆ ಅದರ ಮುಖ್ಯ ಗುರಿ ಹಣ ಹೂಡಿ ಹಣ ಗೆಲ್ಲುವ ಆಟಗಳು. ಹಣ ಒಳಗೆ ಹೋಗಿ ಹೊರಗೆ ಬಾರದ ಈ ಪೆಟ್ಟಿಗೆಗಳ ಕಾವಲು ಕಾಯಬೇಕಾದವರು ಮನೆಯವರೇ.

ಮನೆಯಲ್ಲಿ ಏನು ಮಾಡಬಹುದು?

ಆಟದಲ್ಲಿ ಬೆಲೆ ರೂಪಾಯಿಯಲ್ಲಿ ಕಾಣದೆ ರತ್ನಗಳಲ್ಲಿ ಕಾಣುವುದರ ಹಿಂದೆ ವ್ಯಾಪಾರದ ಜಾಣತನವಿದೆ. 10 ರತ್ನ ಹೋದಾಗ ಆಗದ ಸಂಕಟ 100 ರೂಪಾಯಿ ಹೋದಾಗ ಆಗುತ್ತದೆ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಅದರ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಕಾಗದದಲ್ಲಿ ಬರೆಯಲು ಮಕ್ಕಳಿಗೆ ಹೇಳಿ. ಅನೇಕ ಆಸೆಗಳು ಆ ಕಾಗದದ ಮೇಲೆಯೇ ತಣ್ಣಗಾಗುತ್ತವೆ.

ಫೋನಿನಲ್ಲಿ ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮಾಡಿಡಿ. ಮಕ್ಕಳ ಖರೀದಿಗೆ ಹೆತ್ತವರ ಒಪ್ಪಿಗೆ ಕಡ್ಡಾಯಗೊಳಿಸುವ ಸೌಲಭ್ಯ ಗೂಗಲ್, ಆ್ಯಪಲ್ ಎರಡರಲ್ಲೂ ಇದೆ. ತಂದೆ ಗಲ್ಫ್‌ನಲ್ಲಿ ದುಡಿಯುವ ಮನೆಗಳಲ್ಲಿ ಅವರ ಕಾರ್ಡಿನ ವಿವರ ಊರಿನ ಫೋನಿನಲ್ಲೇ ಉಳಿದಿರುವುದುಂಟು. ಅದನ್ನು ಇಂದೇ ಅಳಿಸಿ. ಸುಡುಬಿಸಿಲಿನಲ್ಲಿ ಬೆವರಿಳಿಸಿ ಗಳಿಸಿದ ದಿರ್ಹಮ್, ಪರದೆಯ ಮೇಲಿನ ಕೋಲೊಂದಕ್ಕೆ ಹೋಗಬಾರದು.

ಹಣದಷ್ಟೇ ಸಮಯದ ಮೇಲೂ ಗಮನವಿರಲಿ. ಮಗ್ರಿಬ್‌ನ ಅದಾನ್‌ನ ಹೊತ್ತಿಗೇ ಪೆಟ್ಟಿಗೆ ತೆರೆದರೆ ಮಗ ಎತ್ತ ತಿರುಗುತ್ತಾನೆ? ‘ಮೊದಲು ನಮಾಝ್, ನಂತರ ಪೆಟ್ಟಿಗೆ’ ಎಂಬ ಒಂದು ನಿಯಮ ಮನೆಯಲ್ಲಿ ಗಟ್ಟಿಯಾಗಿ ನಿಂತರೆ ಆಟ ಅದರ ಜಾಗದಲ್ಲಿ ಉಳಿಯುತ್ತದೆ. ಇದಕ್ಕೆ ಗದರಿಕೆಗಿಂತ ಜೊತೆಗೂಡುವಿಕೆ ಪರಿಣಾಮಕಾರಿ. ಒಮ್ಮೆ ಮಗನ ಪಕ್ಕದಲ್ಲಿ ಕುಳಿತು, ‘ಈ ಕ್ಲಬ್ಬಿನಿಂದ ಎಷ್ಟು ಹೊಡೆತ ಉಳಿಯುತ್ತದೆ?’ ಎಂದು ಕೇಳಿ ನೋಡಿ. ಅವನಿಗೆ ತಿಳಿದಿರದಿದ್ದರೆ ಇಬ್ಬರೂ ಸೇರಿ ಲೆಕ್ಕ ಹಾಕಿ. ಅಗತ್ಯವನ್ನೂ ಆಸೆಯನ್ನೂ ಬೇರ್ಪಡಿಸಲು ಕಲಿಸುವ ಪಾಠ ಅದೇ.

ದುಂದುಗಾರಿಕೆಯನ್ನು ಕುರ್‌ಆನ್ ಕಟುವಾಗಿ ಖಂಡಿಸಿದೆ (17:26-27). ನಾಳೆ ಅಲ್ಲಾಹನ ಮುಂದೆ ಆಯುಷ್ಯವನ್ನು ಹೇಗೆ ಕಳೆದೆ, ಸಂಪತ್ತನ್ನು ಹೇಗೆ ಗಳಿಸಿ ಯಾವುದಕ್ಕೆ ಖರ್ಚು ಮಾಡಿದೆ ಎಂಬ ಪ್ರಶ್ನೆಗಳಿಗೆ ಉತ್ತರಿಸದೆ ಯಾರೂ ಹೆಜ್ಜೆ ಕದಲಿಸಲಾರರು ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಆ ಲೆಕ್ಕದಲ್ಲಿ ಗೆದ್ದ ಪಂದ್ಯಗಳ ಸಂಖ್ಯೆ ಬರುವುದಿಲ್ಲ, ಕಳೆದ ಗಂಟೆಗಳೂ ರೂಪಾಯಿಗಳೂ ಬರುತ್ತವೆ. ಮಕ್ಕಳು ಆಡಲಿ, ನಗಲಿ, ಗೆಲ್ಲಲಿ. ಕೈಯಲ್ಲಿರುವ ಸಾಮಾನ್ಯ ಕ್ಲಬ್ಬಿನಿಂದಲೇ ಚೆನ್ನಾಗಿ ಆಡಲು ಕಲಿತ ಹುಡುಗ, ಇರುವುದರಲ್ಲಿ ತೃಪ್ತಿಪಡುವ ಗುಣವನ್ನೂ ಜೊತೆಗೇ ಕಲಿತಿರುತ್ತಾನೆ.